ಗೆರೆ ಮೇಲೊಂದು ಕೈ: ಪೆನಾಲ್ಟಿ ಹುಟ್ಟಿದ ಕಥೆ

ಇವತ್ತು 2010ರ ಜುಲೈ 2ರ ರಾತ್ರಿಯಿಂದ ಶುರು ಮಾಡ್ತೀನಿ. ಜೋಹಾನ್ಸ್‌ಬರ್ಗ್, ವಿಶ್ವಕಪ್ ಕ್ವಾರ್ಟರ್ ಫೈನಲ್. ಘಾನಾ 1, ಉರುಗ್ವೆ 1. ಹೆಚ್ಚುವರಿ ಸಮಯವೂ ಮುಗೀತಾ ಬಂದಿದೆ. ಘಾನಾದ ಅಡಿಯಾ ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ ಹೋಗೋದೇ ಬಾಕಿ. ಗೆರೆ ಮೇಲೆ ನಿಂತಿದ್ದ ಲೂಯಿಸ್ ಸ್ವಾರೆಝ್ ಅದನ್ನ ಕೈಯಿಂದಲೇ ತಳ್ಳಿಬಿಟ್ಟ!

ರೆಡ್ ಕಾರ್ಡ್, ಪೆನಾಲ್ಟಿ. ಅಸಮೋವಾ ಗ್ಯಾನ್ ಒದ್ದ ಚೆಂಡು ಮೇಲಿನ ಕಂಬಕ್ಕೆ ಬಡಿದು ಆಚೆ ಹೋಯ್ತು. ಗೆದ್ದಿದ್ರೆ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಅದಾಗ್ತಿತ್ತು. ಆ ಭಾಗ್ಯ ಮೊರಾಕ್ಕೋಗೆ ಸಿಕ್ಕಿದ್ದು 2022ರಲ್ಲಿ.

ಸ್ವಾರೆಝ್ ಮೋಸ ಮಾಡಿದ ಅಂತ ನಾನೂ ಬೈದಿದ್ದೆ. ಆದ್ರೆ ಪೆನಾಲ್ಟಿಯ ಇತಿಹಾಸ ಓದಿದ ಮೇಲೆ ಸಿಟ್ಟು ಬೇರೆ ಕಡೆ ತಿರುಗಿತು. ಯಾಕಂದ್ರೆ ಆ ನಿಯಮ ಬಂದಿದ್ದೇ ಇಂಥದ್ದೇ ಒಂದು ಕೈ ಎದ್ದ ವರ್ಷ.

1891ರ ಫೆಬ್ರವರಿ, ಇಂಗ್ಲೆಂಡಿನ ಎಫ್‌ಎ ಕಪ್. ನಾಟ್ಸ್ ಕೌಂಟಿ 1-0 ಮುಂದಿತ್ತು. ಸ್ಟೋಕ್ ತಂಡದ ಗೋಲಾಗಬೇಕಿದ್ದ ಚೆಂಡನ್ನು ಕೌಂಟಿಯ ಹೆಂಡ್ರಿ ಗೆರೆ ಹತ್ತಿರ ಕೈಯಿಂದ ತಡೆದ. ಆಗ ಪೆನಾಲ್ಟಿ ಅನ್ನೋದೇ ಇರಲಿಲ್ಲ. ಸಿಕ್ಕಿದ್ದು ಬರೀ ಫ್ರೀ ಕಿಕ್. ಗೋಲ್‌ಕೀಪರ್ ಚೆಂಡಿನ ಮುಂದೆಯೇ ನಿಂತು ಸಲೀಸಾಗಿ ತಡೆದ. ಗೆದ್ದ ಕೌಂಟಿ ಆ ಸಲ ಫೈನಲ್ಲಿಗೂ ಹೋಯ್ತು.

ಇದಕ್ಕೂ ಮುಂಚೆ, 1890ರಲ್ಲೇ, ಪೆನಾಲ್ಟಿ ಬೇಕು ಅಂತ ಪ್ರಸ್ತಾಪ ಇಟ್ಟಿದ್ದು ಐರ್ಲೆಂಡಿನ ವಿಲಿಯಂ ಮೆಕ್‌ಕ್ರಮ್. ಅರ್ಮಾ ಜಿಲ್ಲೆಯ ಮಿಲ್‌ಫರ್ಡ್ ಊರಿನವನು, ಲಿನನ್ ಗಿರಣಿ ಮನೆತನದವನು. ತಮಾಷೆ ಏನು ಗೊತ್ತಾ? ಆತ ಸ್ವತಃ ಗೋಲ್‌ಕೀಪರ್! ಜನ ನಕ್ಕರು. ಜಂಟಲ್‌ಮನ್ ಆಟಗಾರರು ಬೇಕಂತಲೇ ತಪ್ಪು ಮಾಡ್ತಾರಾ ಅನ್ನೋದು ಅವರ ವಾದ. ಕೊನೆಗೆ 1891ರ ಜೂನ್ 2ರಂದು ಗ್ಲಾಸ್ಗೋದಲ್ಲಿ ನಿಯಮ ಪಾಸಾಯ್ತು. ಆಗ 12 ಗಜದ ಗೆರೆ ಮೇಲೆ ಎಲ್ಲಿ ಬೇಕಾದ್ರೂ ಚೆಂಡಿಡಬಹುದಿತ್ತು, ಕೀಪರ್ 6 ಗಜ ಮುಂದೆ ಬರಬಹುದಿತ್ತು.

ಆದ್ರೆ ಗಮನಿಸಿ, ಪೆನಾಲ್ಟಿ ಕೊಡೋದು ಗೋಲನ್ನಲ್ಲ, ಒಂದು ಅವಕಾಶವನ್ನ. ರಗ್ಬಿಯಲ್ಲಿ ಖಚಿತವಾಗಿದ್ದ ಟ್ರೈ ತಪ್ಪಿಸಿದ್ರೆ ರೆಫರಿ ಟ್ರೈಯನ್ನೇ ಕೊಟ್ಟುಬಿಡ್ತಾರೆ. ಇವತ್ತಿನ ಫುಟ್‌ಬಾಲ್ ಆ ಧೈರ್ಯ ಮಾಡಲ್ಲ. ನನ್ನ ಸಿಟ್ಟು ಇರೋದು ಇಲ್ಲಿ.

ಸ್ವಾರೆಝ್ ವಿಷಯದಲ್ಲಿ ಉದ್ದೇಶದ ಬಗ್ಗೆ ಅನುಮಾನವೇ ಇಲ್ಲ. ತಲೆನೋವು ಬೇರೆ ಕೈಗಳದ್ದು. ಬಹಳ ಕಾಲ ರೆಫರಿ ಕೇಳ್ತಿದ್ದ ಪ್ರಶ್ನೆ ಒಂದೇ: ಬೇಕಂತಲೇ ಮುಟ್ಟಿದನಾ? 2019ರಲ್ಲಿ ನಿಯಮ ಬಿಡಿಸಿ ಬರೆದರು. ಕೈ ದೇಹದ ಆಕಾರವನ್ನ ಅಸಹಜವಾಗಿ ದೊಡ್ಡದು ಮಾಡಿದ್ರೂ ತಪ್ಪು. ಅಸಹಜ ಅಂದ್ರೆ ಎಷ್ಟು? ಅದು ಮತ್ತೆ ರೆಫರಿಯ ಕಣ್ಣಿಗೇ ಬಿಟ್ಟದ್ದು. 2018ರ ಫೈನಲ್‌ನಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಕೈಗೆ ತಾಗಿದ್ದಕ್ಕೆ ವಿಎಆರ್ ನೋಡಿ ಪೆನಾಲ್ಟಿ ಕೊಟ್ಟರು. 2024ರ ಯೂರೋದಲ್ಲಿ ಜರ್ಮನಿಯ ಮುಸಿಯಾಲ ಹೊಡೆದ ಚೆಂಡು ಸ್ಪೇನಿನ ಕುಕುರೆಯ ಕೈಗೆ ಬಡಿದರೂ ಕೊಡಲಿಲ್ಲ. ಸ್ಲೋ ಮೋಷನ್‌ನಲ್ಲಿ ನೋಡಿದ್ರೆ ಎಲ್ಲ ಕೈಗಳೂ ಕಳ್ಳನ ಕೈಯೇ, ಬಿಡಿ.

ಅಂದ ಹಾಗೆ, ಜೋಹಾನ್ಸ್‌ಬರ್ಗ್‌ನ ಆ ರಾತ್ರಿ ಶೂಟೌಟ್‌ನಲ್ಲಿ ಘಾನಾ ಪರ ಮೊದಲ ಕಿಕ್ ಹೊಡೆಯೋಕೆ ಬಂದವನು ಅದೇ ಗ್ಯಾನ್. ಆಗ ಚೆಂಡು ನೇರ ಬಲೆಗೆ ಹೋಯ್ತು.