ಬಿಡುಗಡೆ ಸಿಕ್ಕಿತು, ನೆಲ ಸಿಗಲಿಲ್ಲ

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಸುಮಾರು 40 ಲಕ್ಷ ಜನ ಗುಲಾಮಗಿರಿಯಿಂದ ಬಿಡುಗಡೆಯಾದರು. ಸೋತ ದಕ್ಷಿಣ ರಾಜ್ಯಗಳನ್ನು ಯಾವ ಷರತ್ತಿನ ಮೇಲೆ ಒಕ್ಕೂಟಕ್ಕೆ ಮರಳಿ ಸೇರಿಸಿಕೊಳ್ಳಬೇಕು, ಬಿಡುಗಡೆಯಾದವರ ಹಕ್ಕುಗಳೇನು ಎಂಬ ಜಗಳ 1877ರವರೆಗೂ ನಡೆಯಿತು. ಈ ಅವಧಿಗೆ ಪುನರ್ನಿರ್ಮಾಣದ ಕಾಲ ಎಂದು ಹೆಸರು.

ಮೊದಲ ಪ್ರಶ್ನೆ ನೆಲದ್ದು. 1865ರ ಜನವರಿಯಲ್ಲಿ ಒಕ್ಕೂಟ ಸೇನೆಯ ಜನರಲ್ ಷರ್ಮನ್ ದಕ್ಷಿಣ ಕೆರೊಲಿನಾದಿಂದ ಫ್ಲಾರಿಡಾವರೆಗಿನ ಕರಾವಳಿ ಜಮೀನನ್ನು ಕಪ್ಪುಜನರ ಕುಟುಂಬಗಳಿಗೆ 40 ಎಕರೆವರೆಗೆ ಹಂಚಲು ಆದೇಶಿಸಿದ. ಕೆಲವೇ ತಿಂಗಳಲ್ಲಿ ಸುಮಾರು 40,000 ಜನ ಅಲ್ಲಿ ನೆಲೆಯೂರಿ ಉಳುಮೆ ಶುರುಮಾಡಿದರು. ಲಿಂಕನ್ ಹತ್ಯೆಯ ನಂತರ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ಹಳೆಯ ಒಡೆಯರಿಗೆ ಕ್ಷಮಾದಾನ ಕೊಟ್ಟು ಜಮೀನನ್ನೂ ಹಿಂತಿರುಗಿಸಿದ. ಈ ಸುದ್ದಿ ತಿಳಿಸಲು ಜನರಲ್ ಹೋವರ್ಡ್ ಅಕ್ಟೋಬರ್‌ನಲ್ಲಿ ಆ ಕರಾವಳಿಯ ಎಡಿಸ್ಟೊ ದ್ವೀಪದ ಚರ್ಚಿಗೆ ಹೋದ. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಆ ಸೇನಾನಿಗೆ ಅಲ್ಲಿ ಮಾತೇ ಹೊರಡದಾಯಿತು. ದ್ವೀಪದವರು ಅವನಿಗೂ ಅಧ್ಯಕ್ಷನಿಗೂ ಅರ್ಜಿ ಬರೆದರು: ತಮ್ಮನ್ನು ಮರಕ್ಕೆ ಕಟ್ಟಿ ಹೊಡೆದವನ ಕೈಕೆಳಗೇ ಮತ್ತೆ ದುಡಿಯುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅರ್ಜಿ ಫಲಿಸಲಿಲ್ಲ.

ಅಷ್ಟರಲ್ಲಿ ದಕ್ಷಿಣದ ಶಾಸನಸಭೆಗಳು 'ಕರಿ ಕಾನೂನು'ಗಳನ್ನು ತಂದವು. ಮಿಸಿಸಿಪ್ಪಿಯಲ್ಲಿ ಕೆಲಸವಿಲ್ಲದ ಕಪ್ಪುಮನುಷ್ಯನನ್ನು ಅಲೆಮಾರಿಯೆಂದು ಹಿಡಿದು, ದಂಡ ಕಟ್ಟದಿದ್ದರೆ ದುಡಿಮೆಗೆ ಹಚ್ಚಬಹುದಿತ್ತು. ಹೆಸರು ಬದಲಾಗಿತ್ತು, ಜೀತ ಉಳಿದಿತ್ತು. ಇದರಿಂದ ಕೆರಳಿದ ಸಂಸತ್ತು ಜಾನ್ಸನ್‌ನ ವಿಟೋವನ್ನು ಮೀರಿ 1866ರಲ್ಲಿ ನಾಗರಿಕ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು; ಮರುವರ್ಷ ದಕ್ಷಿಣದ 10 ರಾಜ್ಯಗಳನ್ನು ಸೇನಾಡಳಿತಕ್ಕೆ ಒಪ್ಪಿಸಿತು. 1868ರಲ್ಲಿ ವಾಗ್ದಂಡನೆಗೆ ಗುರಿಯಾದ ಜಾನ್ಸನ್ ಪದಚ್ಯುತಿಯಿಂದ ಪಾರಾದದ್ದು ಒಂದೇ ಮತದಿಂದ. 14ನೇ ತಿದ್ದುಪಡಿ ಪೌರತ್ವವನ್ನೂ 15ನೆಯದು ಗಂಡಸರಿಗೆ ಜನಾಂಗಭೇದವಿಲ್ಲದ ಮತದ ಹಕ್ಕನ್ನೂ ಕೊಟ್ಟವು. 1870ರಲ್ಲಿ ಹೈರಮ್ ರೆವೆಲ್ಸ್ ಸೆನೆಟ್‌ಗೆ ಆಯ್ಕೆಯಾದ ಮೊದಲ ಕಪ್ಪು ಸದಸ್ಯನಾದ. ದಕ್ಷಿಣದಲ್ಲಿ ಸರ್ಕಾರಿ ಶಾಲೆಗಳ ವ್ಯವಸ್ಥೆ ಬೇರುಬಿಟ್ಟದ್ದು ಕಪ್ಪುಜನರ ಮತವೂ ಸೇರಿ ರಚನೆಯಾದ ಹೊಸ ರಾಜ್ಯ ಸರ್ಕಾರಗಳ ಕಾಲದಲ್ಲೇ. ಇದು ಸಣ್ಣ ಸಾಧನೆಯಲ್ಲ.

ಆದರೆ ಜಮೀನ್ದಾರರ ಆಸ್ತಿ ಮುಟ್ಟುಗೋಲು ಹಾಕಿ ಹಂಚಬೇಕೆಂಬ ಸಂಸದ ಥ್ಯಾಡಿಯಸ್ ಸ್ಟೀವನ್ಸ್‌ನ ಸಲಹೆಗೆ ಬೆಂಬಲ ಸಿಗಲಿಲ್ಲ. ಪುನರ್ನಿರ್ಮಾಣ ಮಾಡಿದ ದೊಡ್ಡ ತಪ್ಪು ಇದೇ. ಸ್ವಂತ ನೆಲವಿಲ್ಲದೆ ಒಡೆಯನ ಜಮೀನನ್ನು ಪಾಲಿಗೆ ಉಳುವವನು ಬೀಜಕ್ಕೂ ದಿನಸಿಗೂ ಸಾಲ ಮಾಡಿ, ಬೆಳೆ ಬಂದಾಗ ಒಡೆಯನ ಪಾಲು, ಅಂಗಡಿಯ ಬಾಕಿ ತೀರಿಸಿ ಬರಿಗೈಯಲ್ಲಿ ನಿಲ್ಲುತ್ತಿದ್ದ. ಅಂಥವನು ಒಡೆಯನ ಇಷ್ಟಕ್ಕೆ ವಿರುದ್ಧವಾಗಿ ಮತ ಹಾಕಿದರೆ ಬಿಡಾರವನ್ನೇ ಕಳೆದುಕೊಳ್ಳುವ ಭಯವಿತ್ತು. ಅದರ ಮೇಲೆ ಬಿಳಿಯರ ಗುಪ್ತ ಸಂಘಟನೆ ಕು ಕ್ಲುಕ್ಸ್ ಕ್ಲಾನ್‌ನ ಹಿಂಸೆ. 1873ರಲ್ಲಿ ಲೂಸಿಯಾನಾದ ಕೋಲ್ಫಾಕ್ಸ್‌ನಲ್ಲಿ ಶಸ್ತ್ರಸಜ್ಜಿತ ಬಿಳಿಯರು ಹತ್ತಾರು ಕಪ್ಪುಜನರನ್ನು ಕೊಂದರು. ಶಿಕ್ಷೆಯಾದ ಕೆಲವರನ್ನೂ ಸುಪ್ರೀಂ ಕೋರ್ಟ್ 1876ರ ತೀರ್ಪಿನಲ್ಲಿ ಪಾರುಮಾಡಿತು.

1876ರ ವಿವಾದಿತ ಚುನಾವಣೆಯ ನಂತರ ಹೇಯ್ಸ್ ಅಧ್ಯಕ್ಷನಾದ. 1877ರಲ್ಲಿ ದಕ್ಷಿಣದ ರಾಜಧಾನಿಗಳಲ್ಲಿ ಉಳಿದಿದ್ದ ಕೇಂದ್ರ ಸೇನೆಯ ಕಾವಲು ಸರಿಯಿತು. 1890ರಲ್ಲಿ ಮಿಸಿಸಿಪ್ಪಿ ತಲೆಗಂದಾಯ, ಅಕ್ಷರ ಪರೀಕ್ಷೆಗಳ ಮೂಲಕ ಕಪ್ಪುಜನರ ಮತವನ್ನು ಕಸಿಯಿತು. ಉಳಿದ ದಕ್ಷಿಣ ರಾಜ್ಯಗಳು ಅದೇ ದಾರಿ ಹಿಡಿದವು. ಆ ಮತದ ಹಕ್ಕನ್ನು ಗಟ್ಟಿಯಾಗಿ ಜಾರಿಗೆ ತರುವ ಕಾಯ್ದೆ ಬಂದದ್ದು 1965ರಲ್ಲಿ.