ಐದು ತಾಸಿನ ಸಿನಿಮಾ, ಕಾಯೂದರ ಕಥಿ

ಯುದ್ಧದ ಸಿನಿಮಾ ಹತ್ತಿದ್ರ ಸಾಕು, ಅದು ಗಂಡಸ್ರು ನೋಡೂದು ಅಂತ ನಾವು ಎದ್ದು ಅಡಗಿಮನಿಗೆ ಹೋಗಿಬಿಡ್ತೀವಿ. ನಾನೂ ಹಂಗ ಮಾಡ್ತಿದ್ದೆ. ಆದ್ರ ಮಗ ತಂದಿಟ್ಟಿದ್ದ ‘ದಾಸ್ ಬೋಟ್’ ಅನ್ನೋ ಜರ್ಮನ್ ಸಿನಿಮಾದ ಡಿವಿಡಿ ಒಂದು ಮಧ್ಯಾಹ್ನ ಸುಮ್ಮ ಹಚ್ಚಿದಾಕಿ, ಮೂರು ದಿನ ಕೂತು ಪೂರಾ ನೋಡಿದೆ. ‘ಆ ದೋಣಿ’ ಅಂತ ಅದರ ಅರ್ಥ, ಅಷ್ಟ. ದೋಣಿ ಅಂದ್ರ ಇಲ್ಲಿ ಸಬ್‌ಮರೀನ್.

ಇದರ ಬುಡ ಖರೇ ಕಥಿ. ಎರಡನೇ ಮಹಾಯುದ್ಧದಾಗ, 1941ರೊಳಗ, ಲೋಥರ್-ಗುಂಥರ್ ಬುಖ್‌ಹೈಮ್ ಅನ್ನೋ ಯುದ್ಧ ವರದಿಗಾರ ಯು-96 ಅನ್ನೋ ಸಬ್‌ಮರೀನ್ ಹತ್ತಿ ಅಟ್ಲಾಂಟಿಕ್ ಸಮುದ್ರಕ್ಕ ಹೋಗಿದ್ದ. ಕಂಡದ್ದನ್ನ ಮನಸಿನ್ಯಾಗ ಇಟ್ಟುಕೊಂಡು 1973ರಾಗ ಕಾದಂಬರಿ ಮಾಡಿದ. ಅದನ್ನ ವೋಲ್ಫ್‌ಗಾಂಗ್ ಪೀಟರ್ಸನ್ 1981ರಾಗ ಸಿನಿಮಾ ಮಾಡಿದ. ಕಥಿ ನಡೆಯೂ 1941ನೇ ಇಸವಿ ಅಂದ್ರ ಈ ಪೀಟರ್ಸನ್ ಹುಟ್ಟಿದ ಇಸವಿನೂ ಹೌದು.

ಆ ದೋಣಿ ಒಳಗಿನ ಸಂಸಾರ ನೋಡಬೇಕ್ರಿ! ಉದ್ದ ಸುಮಾರು 67 ಮೀಟರ್, ಆದ್ರ ಒಳಗ ಒಬ್ಬರು ಬಂದ್ರ ಇನ್ನೊಬ್ಬರು ಗ್ವಾಡಿಗೆ ಒತ್ತಿ ನಿಲ್ಲಬೇಕು. ಸುಮಾರು ಐವತ್ತು ಮಂದಿ. ಒಂದು ಪಾಯಖಾನಿ ತುಂಬ ಕಾಳುಕಡಿ ತುಂಬಿಟ್ಟಿರತಾರ, ಹಿಂಗಾಗಿ ಎಲ್ಲಾರಿಗೂ ಒಂದ ಪಾಯಖಾನಿ. ಮಲಗೂ ಜಾಗಾದ ಮ್ಯಾಲೆ ಬ್ರೆಡ್ಡು, ಮಾಂಸ ಜೋತು ಬಿಟ್ಟಿರತಾರ. ದಿನಾ ಕಳದಂಗ ಬ್ರೆಡ್ಡಿಗೆ ಬೂಷ್ಟು. ಒಬ್ಬಾಂವ ಎದ್ದ ಹಾಸಿಗಿ ಆರೂದರೊಳಗ ಇನ್ನೊಬ್ಬಾಂವ ಮಲಗಬೇಕು. ಜಳಕದ ಮಾತ ಇಲ್ಲ.

ಇದನ್ನ ಮ್ಯೂನಿಕ್‌ನ ಬವೇರಿಯಾ ಸ್ಟುಡಿಯೋದಾಗ ದೋಣಿಯ ಖರೇ ಅಳತಿಗೇ ಕಟ್ಟಿ, ಕೆಳಗ ಯಂತ್ರ ಇಟ್ಟು ಅಲ್ಲಾಡಿಸಿ ತಗದಾರ. ಯೋಸ್ಟ್ ವಕಾನೊ ಅನ್ನೋ ಛಾಯಾಗ್ರಾಹಕ ಕೈಯಾಗ ಕ್ಯಾಮೆರಾ ಹಿಡಕೊಂಡ ಆ ಸಂದಿಯೊಳಗ ಓಡ್ಯಾನ. ನಟರ ಮುಖ ಬಿಳಚಿಕೊಂಡಂಗ ಕಾಣಬೇಕು ಅಂತ ಅವರನ್ನ ಬಿಸಲಿಗೆ ಬಿಟ್ಟಿರಲಿಲ್ಲ. ಸಿನಿಮಾಕ್ಕ ಆರು ಆಸ್ಕರ್ ನಾಮನಿರ್ದೇಶನ ಬಂದಿದ್ದವು.

ಈಗ ಮುಖ್ಯ ಮಾತಿಗೆ ಬರ್ತೇನಿ. ಸಿನಿಮಾಕ್ಕೂ ಟಿವಿಗೂ ಕೂಡೇ ಚಿತ್ರೀಕರಣ ಮಾಡಿದ್ರು. ಟಾಕೀಸಿಗೆ ಬಂದದ್ದು ಎರಡೂವರೆ ತಾಸಿಂದು. ಟಿವಿಗೆ ಬಂದದ್ದು ಹತ್ರಹತ್ರ ಐದು ತಾಸು. 1997ರಾಗ ನಿರ್ದೇಶಕನ ಮತ್ತ ಕೂತು, ಆವಾಜು ಹೊಸದಾಗಿ ಮಾಡಿಸಿ, ಮೂರೂವರೆ ತಾಸಿಂದು ಮಾಡಿದ. ಅದು ಡಿವಿಡಿ ಆಗಿ ಮನಿಮನಿಗೆ ಬಂತು. ಟಿವಿಯ ಪೂರಾ ಉದ್ದದ್ದೂ 2004ರಾಗ ಡಿವಿಡಿ ಆತು. ನಾ ನೋಡಿದ್ದು ಅದು.

ಹೆಚ್ಚಿನ ಆ ತಾಸುಗಳೊಳಗ ಏನದ ಅಂದ್ರ, ಕಾಯೂದು. ವಾರಗಟ್ಟಲೆ ಬಿರುಗಾಳಿ, ಒಂದು ಹಡಗೂ ಕಾಣೂದಿಲ್ಲ. ಸುಮ್ಮ ಕೂತು ಗಡಿಯಾರ ನೋಡೂದು. ಉಲ್ಮನ್ ಅನ್ನೋ ಸಣ್ಣ ಹುಡುಗ, ಬಸುರಿ ಇದ್ದ ತನ್ನ ಫ್ರೆಂಚ್ ಹುಡುಗಿಗೆ ಪತ್ರದ ಮ್ಯಾಲೆ ಪತ್ರ ಬರೀತಾನ, ಹಾಕಲಿಕ್ಕೆ ಪೋಸ್ಟ್ ಎಲ್ಲದ? ಇಂಜಿನಿಯರಗ ಊರಾಗಿನ ಹೆಂಡ್ತಿ ಚಿಂತಿ. ಮ್ಯಾಲೆ ಶತ್ರು ಹಡಗು ಬಂದಾಗ ಉಸರು ಬಿಗಿಹಿಡದು ಕಾಯೂದು. ಟಾಕೀಸಿನವರಿಗೆ ಇಷ್ಟು ಕಾಯೂದು ಬ್ಯಾಸರ ಅನಿಸೀತು, ಕತ್ತರಿಸ್ಯಾರ. ಆದ್ರ ಯುದ್ಧದಾಗ ಹೆಚ್ಚು ಇರೂದ ಅದು. ದವಾಖಾನಿ ಬಾಗಿಲದಾಗ ಕೂತಾಕಿಗೆ, ದೂರ ಹೋದ ಮಗನ ಫೋನಿಗೆ ಕಾದಾಕಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಡುವ ನಿಲ್ಲಿಸಿ ಕುಕ್ಕರ್ ಇಟ್ಟು ಬಂದು ಮತ್ತ ನೋಡೂ ಅನುಕೂಲ ಇದ್ದದ್ದಕ್ಕ ಆ ಉದ್ದದ ಸಿನಿಮಾ ನಮ್ಮಂಥವರ ಪಾಲಿಗೆ ಬಂತು.

ಆದ್ರ ಮನಸಿನ್ಯಾಗ ಒಂದು ಮುಳ್ಳು ಚುಚ್ಚಿತು. ಇವರು ಹಿಟ್ಲರನ ಪರವಾಗಿ ಹಡಗು ಮುಳುಗಿಸೂ ಮಂದಿ. ಇವರಿಗೆ ಅಳಬೇಕೇನು? ಒಂದು ಕಡೆ ಇವರು ಹೊಡೆದ ಎಣ್ಣಿ ಹಡಗು ಉರೀತಿರತದ, ಮಂದಿ ನೀರಿಗೆ ಹಾರಿ ಈಜಿ ಬರ್ತಾರ. ಕ್ಯಾಪ್ಟನ್ ದೋಣಿ ಹಿಂದ ಸರಸ್ತಾನ, ಹತ್ತಿಸಿಕೊಳ್ಳಲಿಕ್ಕೆ ಜಾಗಾ ಇಲ್ಲ. ಆ ಕಾಲದ ಬ್ರಿಟಿಷ್ ಸರಕು ಹಡಗಿನ್ಯಾಗ ಕಲ್ಲಿದ್ದಲು ತುಂಬಲಿಕ್ಕೆ, ಅಡಗಿ ಮಾಡಲಿಕ್ಕೆ ಗೋವಾ, ಕೊಂಕಣ, ಬಂಗಾಳದ ಕಡೆಯವರೂ ಇರ್ತಿದ್ರು. ಲಸ್ಕರ್ ಅಂತಿದ್ರು ಅವರಿಗೆ. ಆ ಯುದ್ಧದಾಗ ಅವರು ಸಾವಿರಾರು ಮಂದಿ ಸತ್ರು. ಅವರ ಮನಿಯೊಳಗೂ ಯಾರೋ ಕಾಯ್ತಿದ್ದರಲ್ಲ.

ಸಬ್‌ಮರೀನ್ ಹತ್ತಿದ 40,000 ಜರ್ಮನ್ನರೊಳಗ 30,000 ಮಂದಿ ತಿರುಗಿ ಬರಲಿಲ್ಲ ಅಂತ ಸಿನಿಮಾದ ಸುರುವಿಗೇ ತೋರಸ್ತಾರ. ಕಥಿಯೊಳಗ ಕ್ಯಾಪ್ಟನ್ ಬಂದರಕ್ಕ ಬಂದ ಮ್ಯಾಲೆ ವಿಮಾನದ ದಾಳಿಯೊಳಗ ಸಾಯ್ತಾನ. ಖರೇ ಯು-96 ದೋಣಿ 1945ರ ತನಕ ಇತ್ತು, ವಿಲ್‌ಹೆಲ್ಮ್ಸ್‌ಹಾವನ್ ಬಂದರದಾಗ ಬಾಂಬಿಗೆ ಮುಳಿಗಿತು. ಖರೇ ಕ್ಯಾಪ್ಟನ್ ಲೇಮನ್-ವಿಲ್ಲೆನ್‌ಬ್ರೊಕ್ ಬದುಕಿ ಮನಿಗೆ ಬಂದ, ಈ ಸಿನಿಮಾಕ್ಕ ಸಲಹಾನೂ ಕೊಟ್ಟ.

ಬಿಡುವಾದಾಗ ನೋಡ್ರಿ. ಉದ್ದಂದ ನೋಡ್ರಿ, ಸಣ್ಣದು ಬ್ಯಾಡ. ಕೆಳಗ ಇಂಗ್ಲಿಷ್ ಅಕ್ಷರ ಬರ್ತಾವ. ಅವು ತಪ್ಪಿದ್ರೂ ಚಿಂತಿಲ್ಲ, ಮಾರಿ ನೋಡಿದ್ರ ತಿಳೀತದ.