ಗಡಿ ದಾಟಿಸುವ ಮೊದಲ ಪಾಠ: ಸ್ಕ್ರಿಪ್ಟ್ ಭಾಷೆಗಳ ಆರಂಭಿಕ ಉದಾಹರಣೆಗಳು ಮತ್ತು ಅವುಗಳ ಪಾಠಾಂತರ

ಕಥೆಯೊಂದು ಊರಿಂದೂರಿಗೆ ಸಾಗುವಾಗ ಹೆಸರು, ಸ್ಥಳ, ಉಡುಗೆತೊಡುಗೆಗಳು ಬದಲಾಗುತ್ತವೆ, ಆಶಯ ಉಳಿಯುತ್ತದೆ. ಮೌಖಿಕ ಪರಂಪರೆಯಲ್ಲಿ ಜಾನಪದ ವಿದ್ವಾಂಸರು ಗುರುತಿಸಿರುವ ಈ ಲಕ್ಷಣ ಗಣಕಯಂತ್ರದ ಕೈಪಿಡಿಗಳಲ್ಲಿಯೂ ಕಾಣಸಿಗುತ್ತದೆ. ಸಿ ಭಾಷೆಯಲ್ಲಿ ಬರೆದು ಯಂತ್ರಸಂಕೇತಕ್ಕೆ ಕಂಪೈಲ್ ಮಾಡಿದ ಫಂಕ್ಷನ್ನನ್ನು ಟಿಸಿಎಲ್, ಪರ್ಲ್, ಪೈಥಾನ್, ಲುವಾ ಮೊದಲಾದ ಸ್ಕ್ರಿಪ್ಟ್ ಭಾಷೆಗಳಿಂದ ಕರೆಯುವ ಬಗೆಯನ್ನು ಹೊಸಬರಿಗೆ ಕಲಿಸುವ ಉದಾಹರಣೆಗಳು ಇದಕ್ಕೆ ನಿದರ್ಶನ. ಕಲಿಯುವವರು ಕೆಲವೇ ಸಾಲುಗಳ ಈ ಪಾಠಗಳನ್ನು ಓದುವುದಕ್ಕಿಂತ ಹೆಚ್ಚಾಗಿ ನಕಲು ಮಾಡುತ್ತಾರೆ, ಹೆಸರು ಬದಲಿಸಿ ಬಳಸುತ್ತಾರೆ. ಹೀಗೆ ಪಾಠದ ಮಾತುಗಳೊಂದಿಗೆ ಅದರ ಮೌನವೂ ಮುಂದಿನವರಿಗೆ ದಾಟುತ್ತದೆ.

ಸ್ಕ್ರಿಪ್ಟ್ ಬರೆಯಲು ಸುಲಭ, ಓಟದಲ್ಲಿ ನಿಧಾನ. ಸಿ ಸಂಕೇತ ವೇಗದ್ದು, ಬರೆಯಲು ಶ್ರಮದ್ದು. ಎರಡನ್ನೂ ಬೆಸೆಯುವ ಯತ್ನಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿಯಲ್ಲಿ ಜಾನ್ ಔಸ್ಟರ್‌ಹೌಟ್ 1988ರಲ್ಲಿ ಆರಂಭಿಸಿದ ಟಿಸಿಎಲ್ ಮುಖ್ಯವಾದುದು. ಅಲ್ಲಿ ಎಲ್ಲ ಮೌಲ್ಯಗಳೂ ಅಕ್ಷರಮಾಲೆಗಳಾಗಿಯೇ ಸಿ ಫಂಕ್ಷನ್ನನ್ನು ತಲುಪುತ್ತಿದ್ದವು; ಸಂಖ್ಯೆಯಾಗಿ ಪರಿವರ್ತಿಸುವ ಹೊಣೆ ಸಿ ಬರೆಯುವವನದು. ಪ್ರತಿ ಫಂಕ್ಷನ್ನಿಗೂ ಇಂತಹ ಸೇತುವೆಯನ್ನು ಕೈಯಿಂದ ಕಟ್ಟಬೇಕಾದ ಬೇಸರದಿಂದಲೇ ಮುಂದಿನ ಘಟ್ಟ ಹುಟ್ಟಿತೆನ್ನಬಹುದು. ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಪ್ರೋಗ್ರಾಮುಗಳನ್ನು ಸ್ಕ್ರಿಪ್ಟ್‌ನಿಂದ ನಡೆಸುವ ಅಗತ್ಯ ಬಿದ್ದಾಗ ಡೇವಿಡ್ ಬೀಜ್ಲಿ 1995ರಲ್ಲಿ ಸ್ವಿಗ್ ಎಂಬ ಸಾಧನವನ್ನು ರೂಪಿಸಿದರು. 1996ರಲ್ಲಿ ಅದು ಸಾರ್ವಜನಿಕ ಬಳಕೆಗೆ ಬಂದಿತು. ಸಿ ಫಂಕ್ಷನ್ನುಗಳ ಘೋಷಣೆಗಳನ್ನು ಓದಿ ಸೇತುವೆಯ ಸಂಕೇತವನ್ನು ತಾನೇ ಬರೆದುಕೊಡುವುದು ಅದರ ಕೆಲಸ.

ಸ್ವಿಗ್‌ನ ಪ್ರವೇಶ ಪಾಠದಲ್ಲಿ ಅಣುವೂ ಇಲ್ಲ, ಭೌತವಿಜ್ಞಾನವೂ ಇಲ್ಲ. ಫ್ಯಾಕ್ಟೋರಿಯಲ್ ಕಂಡುಹಿಡಿಯುವ, ಅಂದರೆ ಒಂದರಿಂದ ಕೊಟ್ಟ ಸಂಖ್ಯೆಯವರೆಗಿನ ಗುಣಲಬ್ಧವನ್ನು ಹೇಳುವ ಫಂಕ್ಷನ್, ಶೇಷ ಹೇಳುವ ಇನ್ನೊಂದು, ಸಮಯ ತಿಳಿಸುವ ಮತ್ತೊಂದು: ಇಷ್ಟೇ. ಇದೇ ಸಿ ಕಡತವನ್ನು ಟಿಸಿಎಲ್, ಪರ್ಲ್, ಪೈಥಾನ್‌ಗಳಲ್ಲಿ ಒಂದಾದ ಮೇಲೊಂದರಂತೆ ಕರೆದು ತೋರಿಸಲಾಗಿದೆ. ಮೂರೂ ಕಡೆ 5ಕ್ಕೆ ಉತ್ತರ 120. ಒಂದೇ ಆಶಯದ ಮೂರು ಪಾಠಗಳು ಒಂದೇ ಪುಟದಲ್ಲಿ ದೊರೆಯುವುದು ಕ್ಷೇತ್ರಕಾರ್ಯ ಮಾಡಿದವರಿಗೆ ಅಸೂಯೆ ಹುಟ್ಟಿಸುವಂತಹುದು.

ಆದರೆ ಈ ಪಾಠ 12ರವರೆಗೆ ಮಾತ್ರ ಸತ್ಯ. 12ರ ಫ್ಯಾಕ್ಟೋರಿಯಲ್ 47,90,01,600, 13ರದು 622,70,20,800. ಸಿ ಭಾಷೆಯ 32 ಬಿಟ್‌ಗಳ ಪೂರ್ಣಾಂಕದ ಮಿತಿ 214,74,83,647. ಮಿತಿ ಮೀರಿದಾಗ ಏನಾಗಬೇಕೆಂದು ಸಿ ಭಾಷೆಯ ಮಾನಕ ನಿಗದಿಪಡಿಸಿಲ್ಲ. ಸಾಮಾನ್ಯವಾಗಿ ದೊರೆಯುವುದು 193,20,53,504 ಎಂಬ ತಪ್ಪು ಉತ್ತರ, ಯಾವ ಎಚ್ಚರಿಕೆಯೂ ಇಲ್ಲದೆ. ಪೈಥಾನ್ ಮೊದಲು ಇಂತಹ ಗುಣಾಕಾರದಲ್ಲಿ ದೋಷವನ್ನು ಘೋಷಿಸುತ್ತಿತ್ತು; 2001ರ 2.2ನೆಯ ಆವೃತ್ತಿಯಿಂದ ಅದರ ಪೂರ್ಣಾಂಕ ತಾನಾಗಿಯೇ ಬೆಳೆಯತೊಡಗಿತು. ಹೀಗಾಗಿ ಗಡಿಯ ಎರಡು ಬದಿಗಳ ನಡುವಿನ ಅಂತರ ಹೆಚ್ಚಿತು. ಉದಾಹರಣೆ ಮಾತ್ರ 5 ಮತ್ತು 120ರಲ್ಲಿಯೇ ನಿಂತಿತು. ಸಂಖ್ಯೆಯೊಂದು ಗಡಿ ದಾಟುವಾಗ ತನ್ನ ಗುಣವನ್ನೇ ಕಳೆದುಕೊಳ್ಳಬಹುದೆಂಬುದೇ ಇಲ್ಲಿ ಕಲಿಯಬೇಕಾಗಿದ್ದ ಸಂಗತಿ.

ಲುವಾ ಭಾಷೆಯ ಪರಂಪರೆ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಈ ಭಾಷೆಯ ಕುರಿತು ರೊಬೆರ್ಟೊ ಇರುಸಲಿಮ್‌ಸ್ಕಿ 2003ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೋನದ ಸೈನ್ ಬೆಲೆಯನ್ನು ಹೇಳುವ ಸಿ ಫಂಕ್ಷನ್ ಮೊದಲ ಪಾಠವಾಗಿದೆ. ಬಂದ ಮೌಲ್ಯವನ್ನು ಪರೀಕ್ಷಿಸದ ರೂಪವನ್ನು ಮೊದಲು ಕೊಟ್ಟು, ಅದು ನಿಜವಾಗಿ ಸಂಖ್ಯೆಯೇ ಎಂದು ಪರೀಕ್ಷಿಸುವ ರೂಪವನ್ನು ಆಮೇಲೆ ಕೊಡಲಾಗಿದೆ. ಪಾಠವೇ ತನ್ನನ್ನು ತಿದ್ದಿಕೊಳ್ಳುವ ಇಂತಹ ಕ್ರಮ ವಿರಳ.

ಗೀಡೊ ವಾನ್ ರಾಸಮ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೂಪಿಸಿ 1991ರಲ್ಲಿ ಹೊರತಂದ ಪೈಥಾನ್‌ನ ಅಧಿಕೃತ ಕೈಪಿಡಿಯ ಪಾಠಕ್ಕೆ 'ಸ್ಪ್ಯಾಮ್' ಎಂದು ಹೆಸರು. ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯತಂಡದ 1970ರ ಪ್ರಹಸನದಲ್ಲಿ ಬರುವ ಡಬ್ಬಿ ಮಾಂಸದ ಹೆಸರದು. ಹೆಸರು ನಗೆಯದಾದರೂ ಪಾಠ ನಗೆಯದಲ್ಲ: ಕೊಟ್ಟ ಆದೇಶವನ್ನು ಹಾಗೆಯೇ ಕಾರ್ಯಾಚರಣಾ ವ್ಯವಸ್ಥೆಗೆ ಒಪ್ಪಿಸುವ ಫಂಕ್ಷನ್ ಅದು, ಕಡತ ಅಳಿಸುವ ಆದೇಶವನ್ನೂ ಸೇರಿಸಿ. 2008ರಲ್ಲಿ ಪೈಥಾನ್ 3 ಬಂದಾಗ ಆರಂಭಿಕ ಫಂಕ್ಷನ್ನಿನ ಹೆಸರು, ರಚನೆ ಬದಲಾದವು; ಸ್ಪ್ಯಾಮ್ ಉಳಿಯಿತು.

2006ರಲ್ಲಿ ಪೈಥಾನ್ 2.5ರೊಂದಿಗೆ ಸೇರ್ಪಡೆಯಾದ, ಥಾಮಸ್ ಹೆಲ್ಲರ್ ರಚಿಸಿದ ಸಿಟೈಪ್ಸ್ ಬಂದ ಮೇಲೆ ಸಿ ಸಂಕೇತವನ್ನು ಬರೆಯುವ ಅಗತ್ಯವೇ ತಪ್ಪಿತು. ಅದರ ಪಾಠದಲ್ಲಿ ಬಿಯರ್ ಬಾಟಲಿಗಳನ್ನು ಎಣಿಸುವ ಅಮೆರಿಕದ ಎಣಿಕೆ ಹಾಡಿನ ನೆರಳು ಇದೆ. 42 ಬಾಟಲಿಗಳು ಸಲೀಸಾಗಿ ಮುದ್ರಣವಾಗುತ್ತವೆ, 42.5 ಎಂದೊಡನೆ ದೋಷ. ದಶಮಾಂಶ ಸಂಖ್ಯೆಯನ್ನು ಯಾವ ರೂಪದಲ್ಲಿ ದಾಟಿಸಬೇಕೆಂದು ಬರೆಯುವವನೇ ಹೇಳಬೇಕು. ಗಡಿಯ ತೊಡಕನ್ನು ಹೊಸಬನ ಕಣ್ಣಿಗೆ ಬೀಳುವಂತೆ ಇಟ್ಟಿರುವುದು ಈ ಪಾಠದ ಹೆಚ್ಚುಗಾರಿಕೆ.

ಆಚರಣೆಯಂತೆ ಉಳಿದುಬಂದ ಇನ್ನೊಂದು ಸಾಲಿದೆ. ಏನನ್ನೂ ಹಿಂದಿರುಗಿಸದ ಸಿ ಫಂಕ್ಷನ್, ಪೈಥಾನ್‌ನ 'ನನ್' ಎಂಬ ಶೂನ್ಯವಸ್ತುವಿನ ಉಲ್ಲೇಖಗಳ ಎಣಿಕೆಯನ್ನು ಒಂದು ಹೆಚ್ಚಿಸಿ ನಂತರ ಅದನ್ನು ಹಿಂದಿರುಗಿಸಬೇಕಿತ್ತು. ಕಾರಣ ತಿಳಿದವರೂ ತಿಳಿಯದವರೂ ಅದನ್ನು ಬರೆದರು. 2023ರ ಪೈಥಾನ್ 3.12ರಲ್ಲಿ ಆ ವಸ್ತುವನ್ನು ಅಮರವೆಂದು ಪರಿಗಣಿಸಿದ ಮೇಲೆ ಎಣಿಕೆಗೆ ಅರ್ಥ ಉಳಿಯಲಿಲ್ಲ. ಹಿಂದೆ ಬರೆದ ಕಡತಗಳಲ್ಲಿ ಸಾಲು ಮಾತ್ರ ಹಾಗೆಯೇ ಇದೆ.